ದೋಣಿಗೆ ತೂತು ಹಾಕದೇ ಕೆರೆಯ ಆಳ ನೋಡುವುದು

ಹುಬ್ಬಳ್ಳಿ-ಧಾರವಾಡಕ್ಕೆ ಸಮುದ್ರ ಇಲ್ಲ. ಕಾರವಾರದ ದಂಡೆ ನೋಡಬೇಕಂದ್ರೂ ಘಟ್ಟ ಇಳೀಬೇಕು. ಅಂಥಾ ಊರಾಗ ಕೂತು ಹಾಯಿದೋಣಿಯೊಳಗೆ ಆಳ ಅಳೆಯುವ ಯಂತ್ರ ಹೇಗೆ ಕೂಡಿಸೋದು ಅಂತ ಬರೆದರೆ "ಇವಂಗೇನಾತೋ ಮಾರಾಯಾ?" ಅಂತ ನೀವು ಕೇಳೋದು ಸಹಜ :-) ಸ್ವಲ್ಪ ತಡೀರಿ. ನನ್ನ ವಾದ ಇಷ್ಟೇ: ಹಾಯಿದೋಣಿಯವರ ಈ ಸಣ್ಣ ಉಪಾಯ ಅವರಿಗಿಂತ ನಮಗೇ ಹೆಚ್ಚು ಬೇಕಾಗಿದೆ. ಹೂಳೆತ್ತುವ ಮಾತು ವರ್ಷಕ್ಕೊಮ್ಮೆ ಬರುತ್ತದೆ. ಕೆರೆ ಎಷ್ಟು ಆಳ ಇದೆ ಅನ್ನುವ ಮಾತು ಮಾತ್ರ ಬರುವುದೇ ಇಲ್ಲ.

ಮೊದಲು ಯಂತ್ರದ ವಿಷಯ. ನಮ್ಮ ಕರಾವಳಿಯಲ್ಲಿ ಹಿಂದೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಎರಡೂ ಕೈ ಚಾಚಿ ಎಷ್ಟು ಮಾರು ಅಂತ ಎಣಿಸುತ್ತಿದ್ದರು. ಈಗಿನ ಎಕೋ ಸೌಂಡರ್ ಅದೇ ಕೆಲಸವನ್ನು ಶಬ್ದದಿಂದ ಮಾಡುತ್ತದೆ. ಟ್ರಾನ್ಸ್‌ಡ್ಯೂಸರ್ ಅಂದರೆ ಅದರ ಬಾಯಿಯೂ ಹೌದು, ಕಿವಿಯೂ ಹೌದು. ಒಳಗಿರುವ ಪಿಂಗಾಣಿಯಂಥ ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಅದು ಕಂಪಿಸಿ ನಮ್ಮ ಕಿವಿಗೆ ಕೇಳದ ಶಬ್ದ ಹೊರಡಿಸುತ್ತದೆ. ಸಾಮಾನ್ಯವಾಗಿ ೫೦ ಅಥವಾ ೨೦೦ ಕಿಲೋಹರ್ಟ್ಸ್. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೧೫೦೦ ಮೀಟರ್. ಮೂರು ಮೀಟರ್ ಆಳದ ಕೆರೆಯಲ್ಲಿ ಅದು ತಳಕ್ಕೆ ಬಡಿದು ವಾಪಸ್ ಬರಲು ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗ. ಆ ಹೊತ್ತನ್ನು ಅಳೆದು, ಅರ್ಧ ಮಾಡಿ, ವೇಗದಿಂದ ಗುಣಿಸಿದರೆ ಆಳ ಸಿಕ್ಕಿತು. ನೀರು ೨೦ ಡಿಗ್ರಿ ಇದ್ದರೂ ೩೦ ಡಿಗ್ರಿ ಇದ್ದರೂ ವೇಗದ ವ್ಯತ್ಯಾಸ ನೂರಕ್ಕೆ ಎರಡರ ಒಳಗೇ.

ಈ ಟ್ರಾನ್ಸ್‌ಡ್ಯೂಸರನ್ನು ಎಲ್ಲಿ ಕೂಡಿಸಬೇಕು? ಮೂರು ದಾರಿ ಇವೆ. ಹಿಂಬದಿಯ ಹಲಗೆಗೆ ಹೊರಗಿನಿಂದ ತಗುಲಿಸುವುದು ಒಂದು. ಹಾಯಿದೋಣಿಗೆ ಅದು ಸರಿಹೋಗುವುದಿಲ್ಲ, ಗಾಳಿಗೆ ದೋಣಿ ವಾಲಿದಾಗ ಟ್ರಾನ್ಸ್‌ಡ್ಯೂಸರ್ ನೀರಿನಿಂದ ಮೇಲೇಳಬಹುದು. ತಳಕ್ಕೆ ತೂತು ಕೊರೆದು ಕೂಡಿಸುವುದು ಎರಡನೆಯದು. ಸಂಕೇತ ಅತ್ಯಂತ ಚೆನ್ನಾಗಿ ಸಿಗುವುದು ಇದರಲ್ಲೇ. ಆದರೆ ಲೆಕ್ಕ ಹಾಕಿ ನೋಡಿ: ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಎರಡಿಂಚಿನ ತೂತು ಬಾಯಿ ತೆರೆದರೆ ನಿಮಿಷಕ್ಕೆ ಇನ್ನೂರು ಲೀಟರಿಗೂ ಹೆಚ್ಚು ನೀರು ಒಳಗೆ ಬರುತ್ತದೆ. ಸರಿಯಾಗಿ ಸೀಲ್ ಮಾಡಿದರೆ ಭಯ ಇಲ್ಲ, ನಿಜ. ಆದರೆ ಎರವಲು ತಂದ ದೋಣಿಗೆ ತೂತು ಹಾಕಲು ಯಾರು ಬಿಡುತ್ತಾರೆ? ಮೂರನೆಯದು ತಳದ ಒಳಗಡೆಯೇ ಕೂಡಿಸಿ ದೋಣಿಯ ಮೈ ಮೂಲಕವೇ ಶಬ್ದ ಕಳಿಸುವುದು. ನನ್ನ ಮತ ಇದಕ್ಕೆ.

ಇದಕ್ಕೆ ಒಬ್ಬನೇ ಶತ್ರು. ಗಾಳಿ. ಗಾಳಿ ಎದುರಾದ ಕಡೆ ಶಬ್ದದ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಶಕ್ತಿ ಅಲ್ಲೇ ತಿರುಗಿಬಿಡುತ್ತದೆ. ಹಾಗಾಗಿ ಟ್ರಾನ್ಸ್‌ಡ್ಯೂಸರಿಗೂ ತಳಕ್ಕೂ ನಡುವೆ ಒಂದು ಗುಳ್ಳೆಯೂ ಇರಬಾರದು. ಗಟ್ಟಿ ಫೈಬರ್ ಗ್ಲಾಸ್ ಮೈ ಇದ್ದರೆ ಕೆಲಸ ಸಲೀಸು. ಮೊದಲು ಪರೀಕ್ಷೆ: ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಟ್ರಾನ್ಸ್‌ಡ್ಯೂಸರನ್ನು ಅದರಲ್ಲಿ ಮುಳುಗಿಸಿ, ತಳವನ್ನು ಒದ್ದೆ ಮಾಡಿ, ಬೇರೆ ಬೇರೆ ಕಡೆ ಇಟ್ಟು ನೋಡಬೇಕು. ಚೆನ್ನಾಗಿ ಓದುವ ಜಾಗ ಸಿಕ್ಕ ಮೇಲೆ ಬಣ್ಣ, ಜಿಡ್ಡು ಎಲ್ಲ ಉಜ್ಜಿ ತೆಗೆದು ಎಪಾಕ್ಸಿ ಸುರಿದು, ಟ್ರಾನ್ಸ್‌ಡ್ಯೂಸರನ್ನು ಸ್ವಲ್ಪ ತಿರುಗಿಸುತ್ತಾ ಒತ್ತಿ ಕೂಡಿಸಬೇಕು, ಗುಳ್ಳೆ ಪಕ್ಕಕ್ಕೆ ಹೊರಟುಹೋಗುತ್ತವೆ. ಮತ್ತೆ ಬಿಚ್ಚಬೇಕು ಅನ್ನುವವರು ಸಣ್ಣ ಪೈಪಿನ ತುಂಡನ್ನು ತಳಕ್ಕೆ ಅಂಟಿಸಿ, ಅದರಲ್ಲಿ ಎಣ್ಣೆ ತುಂಬಿ, ಟ್ರಾನ್ಸ್‌ಡ್ಯೂಸರನ್ನು ಅದರಲ್ಲಿ ನಿಲ್ಲಿಸುತ್ತಾರೆ. ತಳ ಇಳಿಜಾರಾಗಿದ್ದರೆ ಪೈಪನ್ನು ಓರೆಯಾಗಿ ಕೊಯ್ದು ಟ್ರಾನ್ಸ್‌ಡ್ಯೂಸರ್ ನೆಟ್ಟಗೆ ಕೆಳಗೆ ನೋಡುವಂತೆಯೂ ಮಾಡಬಹುದು. ಜಾಗ ಕೀಲಿನ ಮುಂದೆ, ನಡುಗೆರೆಯ ಹತ್ತಿರ ಇರಲಿ. ಅಲ್ಲಿ ನೀರು ಶಾಂತ, ದೋಣಿ ವಾಲಿದರೂ ತಳ ನೀರಲ್ಲೇ ಇರುತ್ತದೆ.

ನಷ್ಟವೂ ಇದೆ. ಶಬ್ದ ದೋಣಿಯ ಮೈಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕು. ಕಡಲಲ್ಲಿ ಇನ್ನೂರು ಮೀಟರ್ ಆಳ ನೋಡುವವನಿಗೆ ಅದು ದೊಡ್ಡ ನಷ್ಟ, ಐದು ಮೀಟರ್ ಕೆರೆ ನೋಡುವವನಿಗೆ ಏನೂ ಅಲ್ಲ. ಇನ್ನು ಮೈಯೊಳಗೆ ಮರ ಅಥವಾ ಫೋಮ್ ಪದರ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಆ ಪದರದಲ್ಲಿ ಗಾಳಿ ಇರುತ್ತದೆ. ನಮ್ಮ ನೌಕಾಪಡೆಯ 'ಮ್ಹಾದೇಯಿ' ಹಾಯಿನೌಕೆಯ ಮೈ ಅಂಥದ್ದೇ, ಮರದ ತಿರುಳಿಗೆ ಫೈಬರ್ ಹೊದಿಕೆ. ದಿಲೀಪ್ ದೊಂದೆ ೨೦೦೯-೧೦ರಲ್ಲಿ ಒಬ್ಬರೇ ಪ್ರಪಂಚ ಸುತ್ತಿದ್ದು, ೨೦೧೨-೧೩ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೇ ಸುತ್ತಿದ್ದು ಅದರಲ್ಲೇ. ಅಂಥ ಮೈಯಲ್ಲಿ ತೂತು ಕೊರೆಯಬೇಕು, ಇಲ್ಲವೇ ಆ ಜಾಗದ ತಿರುಳು ತೆಗೆದು ಗಟ್ಟಿ ಫೈಬರ್ ತುಂಬಬೇಕು.

ಮ್ಹಾದೇಯಿ! ಹೆಸರು ಕೇಳಿದಂಗಾತಲ್ಲ? ಹೌದು, ನಮ್ಮ ಮಹದಾಯಿಯೇ. ಆ ನೌಕೆ ಕಟ್ಟಿದ್ದು ಗೋವಾದ ದಿವಾರ್ ದ್ವೀಪದಲ್ಲಿ, ಅದೇ ನದಿ ಮಾಂಡೋವಿ ಅನ್ನಿಸಿಕೊಳ್ಳುವ ಕಡೆ. ಅವರು ಆ ಹೆಸರು ಹೊತ್ತು ಪ್ರಪಂಚ ಸುತ್ತಿದರು. ನಾವು ಅದೇ ಹೆಸರು ಹಿಡಿದು ಬೀದಿಯಲ್ಲಿ ಕೂತೆವು. ೨೦೧೮ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು ಕೊಟ್ಟಿದ್ದು ೩.೯ ಟಿಎಂಸಿ. ಕೇಳಿದ್ದು ೭.೫೬.

ಈಗ ಇನ್ನೊಂದು ಅಂಕಿ ನೋಡಿ. ತುಂಗಭದ್ರಾ ಜಲಾಶಯ ೧೯೫೩ರಲ್ಲಿ ಸುಮಾರು ೧೩೩ ಟಿಎಂಸಿಯದು. ೨೦೦೮ರ ಸರ್ವೆ ೧೦೦.೮೫೫ ಅಂದಿತು. ೨೦೧೬ರ ಸರ್ವೆ ೧೦೫.೭೮೮ ಅಂದಿತು. ಎಂಟು ವರ್ಷದಲ್ಲಿ ಹೂಳು ತಾನಾಗಿ ಎದ್ದು ಹೋಯಿತೇ? ಇಲ್ಲ, ಅಳತೆ ಬೇರೆ ಆಯಿತು. ಎರಡು ಅಳತೆಗಳ ನಡುವಿನ ಅಂತರ ೪.೯ ಟಿಎಂಸಿ. ಅಂದರೆ ನಾವು ದಶಕಗಟ್ಟಲೆ ಹೋರಾಡಿ ಪಡೆದ ಮಹದಾಯಿ ಪಾಲಿಗಿಂತ ಜಾಸ್ತಿ! ಹೋರಾಟ ಬೇಡ ಅಂತ ಹೇಳುತ್ತಿಲ್ಲ, ಬೇಕೇ ಬೇಕು. ಆದರೆ ಇರುವ ಪಾತ್ರೆ ಎಷ್ಟು ಹಿಡಿಯುತ್ತದೆ ಅಂತ ಅಳೆಯುವುದೂ ಹೋರಾಟದಷ್ಟೇ ಮುಖ್ಯ. ನಮಗೆ ಕುಡಿಯಲು ನೀರು ಕೊಡುವ ನವಿಲುತೀರ್ಥದ ಜಲಾಶಯಕ್ಕೆ ವರದಿಗಳಲ್ಲಿ ಇವತ್ತಿಗೂ ಬರೆಯುವುದು ಕಟ್ಟುವಾಗಿನ ೩೭.೭೩ ಟಿಎಂಸಿಯನ್ನೇ.

ಊರೊಳಗೇ ಬನ್ನಿ. ಉಣಕಲ್ ಕೆರೆ ಸುಮಾರು ೨೦೦ ಎಕರೆ ಅಂತಾರೆ. ಅಷ್ಟಗಲಕ್ಕೆ ಒಂದು ಅಡಿ ಹೂಳು ಅಂದರೆ ಎರಡೂವರೆ ಲಕ್ಷ ಘನ ಮೀಟರ್‌ಗೆ ಸಮೀಪ. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್ ಆದರೆ ಸುಮಾರು ೨೪ ಸಾವಿರ ಟ್ರಿಪ್. ಅಳತೆಯಲ್ಲಿ ಅರ್ಧ ಅಡಿ ಆಚೀಚೆ ಆದರೆ ೧೨ ಸಾವಿರ ಟ್ರಿಪ್ಪಿನ ಬಿಲ್ಲು ಆಚೀಚೆ. ಮೊದಲು ಅಳೆಯದಿದ್ದರೆ, ಮುಗಿದ ಮೇಲೂ ಅಳೆಯದಿದ್ದರೆ, ಎಷ್ಟು ತೆಗೆದರು ಅಂತ ಹೇಳುವವರು ಯಾರು? ನೀರು ತುಂಬಿದ ಮೇಲೆ ಎಲ್ಲಾ ಕೆರೆಯೂ ಒಂದೇ ಥರ ಕಾಣುತ್ತದೆ.

ಇದಕ್ಕೆ ದೊಡ್ಡ ಸರ್ವೆ ಹಡಗೇ ಬೇಕೆಂದಿಲ್ಲ. ಒಂದು ಸಣ್ಣ ಫೈಬರ್ ದೋಣಿ, ಒಳಗೆ ಅಂಟಿಸಿದ ಟ್ರಾನ್ಸ್‌ಡ್ಯೂಸರ್, ಜಿಪಿಎಸ್ ಇರುವ ಸೌಂಡರ್, ಒಂದು ಬ್ಯಾಟರಿ, ಮೈಮೇಲೆ ಲೈಫ್ ಜಾಕೆಟ್. ಹೊಲ ಉತ್ತ ಹಾಗೆ ಕೆರೆಯಲ್ಲಿ ಸಾಲು ಹೊಡೆಯಬೇಕು, ಆಮೇಲೆ ಅಡ್ಡಸಾಲು. ಸಾಲುಗಳು ಕೂಡುವ ಕಡೆ ಎರಡೂ ಆಳ ಒಂದೇ ಬಂದರೆ ಅಳತೆ ನಂಬಬಹುದು. ಟ್ರಾನ್ಸ್‌ಡ್ಯೂಸರ್ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅಷ್ಟನ್ನು ಕೂಡಿಸಲು ಮರೆಯಬಾರದು. ಅವತ್ತಿನ ನೀರಿನ ಮಟ್ಟವನ್ನು ದಂಡೆಯ ಮೇಲಿನ ಒಂದು ಕದಲದ ಕಲ್ಲಿಗೆ ಹೋಲಿಸಿ ಬರೆದಿಡಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಅಳತೆಗೆ ಹೋಲಿಕೆಯೇ ಇಲ್ಲ.

ಸೌಂಡರ್ ಎಲ್ಲಾ ಹೇಳಿಬಿಡುತ್ತದೆ ಅಂತಲೂ ಅಲ್ಲ. ಅಂತರಗಂಗೆ ಹಬ್ಬಿದ ಕಡೆ ಬೇರು, ಗುಳ್ಳೆ ಸೇರಿ ಶಬ್ದವನ್ನು ತಡೆಯುತ್ತವೆ. ಮಂಡಿಯುದ್ದದ ನೀರಿನಲ್ಲಿ ಅದು ಸುಳ್ಳು ಓದುತ್ತದೆ. ೨೦೦ ಕಿಲೋಹರ್ಟ್ಸ್ ಶಬ್ದ ಮೆತ್ತನೆ ಹೂಳಿನ ಮೇಲ್ಮೈಗೇ ಬಡಿದು ವಾಪಸಾಗುತ್ತದೆ, ಕೆಳಗಿನ ಹಳೇ ತಳ ಕಾಣುವುದಿಲ್ಲ. ಅದಕ್ಕೆ ಗುರುತು ಹಾಕಿದ ಬಿದಿರು ಗಳ ಬೇಕು. ನೀರಿನ ಆಳ ಯಂತ್ರ ಹೇಳಲಿ, ಗಳ ಗಟ್ಟಿ ನೆಲ ಮುಟ್ಟುವವರೆಗೆ ಒತ್ತಿ, ಎರಡರ ವ್ಯತ್ಯಾಸ ತೆಗೆಯಿರಿ. ಅದೇ ಹೂಳಿನ ದಪ್ಪ. ಅಜ್ಜನ ಗಳ, ಮೊಮ್ಮಗನ ಯಂತ್ರ, ಎರಡೂ ಒಂದೇ ದೋಣಿಯಲ್ಲಿ.

"ಇದು ಸರ್ಕಾರದ ಕೆಲಸ, ನಮಗ್ಯಾಕ್ರೀ?" ಅನ್ನುವವರಿದ್ದಾರೆ. ಕೆಲಸ ಅವರದೇ, ಒಪ್ಪಿದೆ. ಆದರೆ ಧಾರವಾಡದಲ್ಲಿ ವಾಲ್ಮಿ ಇದೆ, ಐಐಟಿ ಇದೆ, ಎರಡೂ ಊರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಕೊನೇ ವರ್ಷದ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಲೇ ಇರುತ್ತಾರೆ. ಅನುಮತಿ ಪಡೆದು ಉಣಕಲ್, ಕೆಲಗೇರಿ, ಸಾಧನಕೇರಿ ವರ್ಷಕ್ಕೊಂದು ಅಳೆದರೂ ಮೂರು ವರ್ಷದಲ್ಲಿ ನಕ್ಷೆ ಕೈಯಲ್ಲಿರುತ್ತದೆ. ಆ ನಕ್ಷೆಯನ್ನು ದಂಡೆಯ ಮೇಲೆ ಬೋರ್ಡಿನಲ್ಲಿ ಬರೆದು ಹಾಕಲಿ. ಎಲ್ಲಿ ದಿಢೀರ್ ಆಳ ಅಂತ ಈಜಲು ಇಳಿಯುವ ಹುಡುಗರಿಗೂ ಗೊತ್ತಾಗುತ್ತದೆ, ಎಷ್ಟು ಹೂಳು ತೆಗೆದರು ಅಂತ ತೆರಿಗೆ ಕಟ್ಟುವವರಿಗೂ ಗೊತ್ತಾಗುತ್ತದೆ.

ನನ್ನ ಬೇಡಿಕೆ ಒಂದೇ. ಹೂಳೆತ್ತುವ ಯಾವ ಟೆಂಡರೂ ಮೊದಲಿನ ಅಳತೆ ಇಲ್ಲದೇ ಹೊರಡಬಾರದು, ಕೊನೆಯ ಅಳತೆ ಇಲ್ಲದೇ ಅದರ ಬಿಲ್ಲು ಪಾಸಾಗಬಾರದು. ದೋಣಿಗೆ ತೂತು ಹಾಕದೇ ಆಳ ನೋಡಬಹುದು. ಖಜಾನೆಗೂ ಹಂಗೇ ಯಾಕಾಗಬಾರದು? ಏನಂತೀರಿ?