ಸೊನ್ನೆ ಬರೆಸುವವರು ಯಾರು?

ಠಾಣೆಯಲ್ಲಿ ಗಾಡಿ ಬದಲಿಸಿ ಐರೋಳಿ, ರಬಾಳೆಗಳಿಗೆ ಹೋಗುವ ಡೊಂಬಿವಲಿ, ಕಲ್ಯಾಣದ ನಮ್ಮ ಹುಡುಗರಿದ್ದಾರೆ. ಅಪ್ಪ ಮಗ್ಗಖಾತೆಯಲ್ಲಿ ದುಡಿದವನು, ಇಲ್ಲವೆ ಹೋಟೆಲಿನ ಗಲ್ಲೆಯ ಹಿಂದೆ ನಿಂತವನು. ಮಗನ ಕೆಲಸ ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ. ಅಲ್ಲಿ ಏನು ಮಾಡುತ್ತಾನೆಂದು ಮನೆಯವರಿಗೆ ತಿಳಿಯದು. ತಿಳಿದುಕೊಳ್ಳಬೇಕು, ಏಕೆಂದರೆ ಅಲ್ಲಿಯ ಅನ್ಯಾಯ ನಮಗೆ ಹಳೆಯ ಪರಿಚಯದ್ದೇ.

ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಕಾಗದ, ನಮ್ಮ ನಿಮ್ಮ ಪಗಾರದ ಪಟ್ಟಿ, ಇವೆಲ್ಲ ಈಗ 'ಕ್ಲೌಡ್' ಎಂಬ ಬಾಡಿಗೆ ಉಗ್ರಾಣ ಸೇರುತ್ತಿವೆ. ಹೆಸರು ಮೋಡ, ಇರುವುದು ಮಾತ್ರ ಮಹಾಪೆ, ರಬಾಳೆಗಳಂಥ ಕಡೆ, ಗೋಡೆಯೊಳಗೆ, ಹಗಲೂ ರಾತ್ರಿ ತಂಪು ಮಾಡಬೇಕಾದ ಯಂತ್ರಗಳಲ್ಲಿ. ಉಗ್ರಾಣಕ್ಕೆ ನಿಯಮಗಳಿವೆ: ಬಾಗಿಲು ಬೀದಿಗೆ ತೆರೆದಿರಬಾರದು, ಒಳಗಿನದು ಗೂಢಲಿಪಿಯಲ್ಲಿರಬೇಕು, ಯಾರು ಬಂದರು ಯಾರು ಹೋದರು ಎಂಬ ದಾಖಲೆ ಉಳಿಯಬೇಕು. ಈ ದಾಖಲೆಯನ್ನು 180 ದಿನ ಇಡಬೇಕೆಂದು ಸರಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಆಜ್ಞೆ ಮಾಡಿದೆ.

ಉಗ್ರಾಣ ಕಟ್ಟುವ ಮೊದಲು ಅದರ ನಕ್ಷೆಯನ್ನು ಟೆರಾಫಾರ್ಮ್‌ನಲ್ಲಿ ಬರೆಯುತ್ತಾರೆ. ಆಮೇಲೆ ಹುಡುಗ ಒಂದು ಸಾಲಿನ ಅಪ್ಪಣೆ ಬರೆದು ಚೆಕೋವ್ ಎಂಬ ಪರೀಕ್ಷಕನನ್ನು ಕರೆಯುತ್ತಾನೆ. ಆ ಪರೀಕ್ಷಕ ನಕ್ಷೆಯನ್ನು ಓದಿ, ಯಾವ ನಿಯಮ ಎಷ್ಟನೆಯ ಸಾಲಿನಲ್ಲಿ ಮುರಿದಿದೆ ಎಂದು ಹೇಳುತ್ತಾನೆ. ಎಲ್ಲ ಸರಿಯಿದ್ದರೆ ಸೊನ್ನೆ, ತಪ್ಪಿದ್ದರೆ ಒಂದು. ಒಂದು ಬಂದರೆ ಮುಂದಿನ ಕೆಲಸ ನಿಲ್ಲಿಸಬೇಕೆಂಬುದು ಏರ್ಪಾಡು. ಗಿರಣಿಯ ಫೋಲ್ಡಿಂಗ್ ಖಾತೆಯಲ್ಲಿ ಥಾನು ನೋಡುವವನಂತೆಯೇ. ಇವನ ಕಣ್ಣು ಮಂಜಾಗದು, ಇವನಿಗೆ ಚಹದ ಕಾಸೂ ಬೇಡ. ಇಂಥ ಪರೀಕ್ಷೆಯಿಂದ ಕೆಲಸ ಹೋಗುತ್ತದೆಂದು ಕೂಗುವವರ ಜೊತೆ ನಾವಿಲ್ಲ. ಪರೀಕ್ಷೆ ಬೇಕು. ನಮ್ಮ ತಕರಾರು ಬೇರೆ.

ಅಪ್ಪಣೆಗೆ 'ಸಾಫ್ಟ್ ಫೇಲ್' ಎಂದು ಸೇರಿಸಿದರೆ, ತಪ್ಪು ನೂರು ಕಂಡರೂ ಚೆಕೋವ್ ಕೊನೆಗೆ ಸೊನ್ನೆಯನ್ನೇ ಕೊಡುತ್ತಾನೆ. 'ಸ್ಕಿಪ್' ಎಂದು ಬರೆದರೆ ಆ ನಿಯಮವನ್ನೇ ದಾಟಿಹೋಗುತ್ತಾನೆ. ಕಾರಣ ಬರೆಯಲು ಜಾಗವಿದೆ, ಖಾಲಿ ಬಿಟ್ಟರೂ ಕೇಳುವುದಿಲ್ಲ. ಇವಕ್ಕೂ ನ್ಯಾಯವಾದ ಉಪಯೋಗ ಉಂಟು, ಒಪ್ಪುತ್ತೇವೆ. ಆದರೆ ನಾಳೆ ಬೆಳಿಗ್ಗೆ ಗಿರಾಕಿಗೆ ಕೆಲಸ ಒಪ್ಪಿಸಬೇಕೆಂಬ ರಾತ್ರಿ ಸಾಹೇಬರು ಮನೆಯಿಂದ ಫೋನು ಮಾಡಿ, "ಸದ್ಯಕ್ಕೆ ಸ್ಕಿಪ್ ಹಾಕು, ಆಮೇಲೆ ನೋಡೋಣ" ಎನ್ನುತ್ತಾರೆ. ರಾತ್ರಿ ಪಾಳಿಯ ಗುತ್ತಿಗೆ ಹುಡುಗ ಹಾಕುತ್ತಾನೆ. ಫೋನಿನ ಮಾತು ಗಾಳಿಗೆ ಹೋಯಿತು. 'ಗಿಟ್' ಎಂಬ ದಫ್ತರಿನಲ್ಲಿ ಮಾತ್ರ ಆ ಸಾಲು ಬರೆದವನ ಹೆಸರು ತಾರೀಖು, ಗಂಟೆ ಸಹಿತ ಉಳಿಯಿತು. 'ಆಮೇಲೆ' ಎಂಬುದು ಬರುವುದೇ ಇಲ್ಲ. ಬಾಗಿಲು ತೆರೆದಿತ್ತೆಂದು ಮುಂದೆಂದೋ ಗೊತ್ತಾದಾಗ ದಫ್ತರು ಬಿಚ್ಚುತ್ತಾರೆ, ಸಿಗುವುದು ಹುಡುಗನ ಹೆಸರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ರಕ್ಷಣೆಯಲ್ಲಿ ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳಿದೆ. ಸಂಸ್ಥೆಗೆ, ನೌಕರನಿಗಲ್ಲ. ನೌಕರನಿಗೆ ದಂಡವೇಕೆ? ಮಾರನೆಯ ದಿನ ಗೇಟಿನ ಪಾಸು ನಡೆಯದಿದ್ದರೆ ಸಾಕು! ಕೆಟ್ಟ ನೂಲು ಕೊಟ್ಟವರು ಮಾಲಿಕರು, ಡ್ಯಾಮೇಜು ಥಾನಿಗೆ ಪಗಾರ ಕಳೆದುಕೊಂಡವನು ನೇಕಾರ. ಪರೇಲ, ಲಾಲಬಾಗದ ಹಳಬರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಬೇಡಿಕೆ ಇಷ್ಟೆ. ನಿಯಮ ದಾಟಬೇಕೆನ್ನುವ ಅಧಿಕಾರಿ ಆ ಸಾಲನ್ನು ತಾನೇ, ತನ್ನ ಹೆಸರಿನಲ್ಲೇ ಬರೆಯಲಿ. ಕಾರಣವನ್ನೂ, ಅದು ರದ್ದಾಗಬೇಕಾದ ತಾರೀಖನ್ನೂ ಕೂಡಿಸಲಿ. ಇದಕ್ಕೆ ಹೊಸ ಯಂತ್ರ ಬೇಡ, ಖರ್ಚೂ ಇಲ್ಲ. ಅಲ್ಲಿಯ ತನಕ, ಐರೋಳಿಯ ತಮ್ಮಂದಿರೇ, ಫೋನಿನ ಅಪ್ಪಣೆ ಬಂದರೆ "ಸಾಹೇಬರೇ, ಇದನ್ನೇ ಎರಡು ಸಾಲು ಬರೆದು ಕಳಿಸಿ" ಎನ್ನಿರಿ. ಕಳಿಸಿದ್ದನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಹಾಗೆ ಕೇಳಿದ್ದಕ್ಕೆ ಯಾರನ್ನಾದರೂ ಹೊರಗೆ ಹಾಕಿದರೆ, ಆ ದಿನವೇ ಸಂಘದ ಕಚೇರಿಗೆ ಬನ್ನಿರಿ.