ಕರೆಂಟ್ ಬಂದ ಮೇಲೂ ನೆನಪಿರಬೇಕು

ಹಿಪ್ಪರಗಿಯಲ್ಲಿ ನಮ್ಮ ಅಬ್ಬಾ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಕೃಷ್ಣೆಯ ದಂಡೆಯ ಪಂಪ್‌ಸೆಟ್ ಸುಟ್ಟರೆ ರೈತರು ಅಲ್ಲಿಗೆ ತರುತ್ತಾರೆ. ಮೋಟಾರು ಇಂದೇ ಬೇಕು, ಹಣ ಮಾತ್ರ ಕಬ್ಬಿನ ಬಿಲ್ ಬಂದ ಮೇಲೆ. ಹೀಗಾಗಿ ಅಂಗಡಿಯಲ್ಲಿರುವ ತಾಮ್ರದ ತಂತಿಗಿಂತ ಉದ್ರಿ ಲೆಕ್ಕಕ್ಕೇ ಬೆಲೆ ಹೆಚ್ಚು. ಆ ಲೆಕ್ಕ ಒಂದು ಹಳೆಯ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಲಿನಕ್ಸ್ ಇದೆ, ಎರಡು ಹಾರ್ಡ್ ಡಿಸ್ಕ್ ಇವೆ. ಲೆಕ್ಕ ಇರುವ ಡಿಸ್ಕ್ ಹಳೆಯ ಲ್ಯಾಪ್‌ಟಾಪಿನಿಂದ ತೆಗೆದದ್ದು.

ಆ ಡಿಸ್ಕ್ ಅರ್ಧ ನಿಮಿಷಕ್ಕೊಮ್ಮೆ 'ಟಿಕ್' ಎನ್ನುತ್ತಿತ್ತು. ಉದ್ರಿ ಪುಟ ತೆರೆದರೆ ಒಂದು ಕ್ಷಣ ನಿಂತು ತೆರೆಯುತ್ತಿತ್ತು. ನಮ್ಮ ದೊಡ್ಡಪ್ಪನ ಮಗ, ಭಾಯಿ, ಬಂದು ಏನೋ ಒಂದು ಆಜ್ಞೆ ಟೈಪ್ ಮಾಡಿದರು. ಸದ್ದು ನಿಂತಿತು. ಮರುದಿನ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಮತ್ತೆ ಟಿಕ್! ಅಬ್ಬಾ ಕೂಗಿದರು, "ದೇಖ್, ಫಿರ್ ಶುರೂ ಹುಯಾ." ಅಷ್ಟರಲ್ಲಿ ಭಾಯಿ ಕೆಲಸಕ್ಕೆಂದು ಪುಣೆಗೆ ಹೋಗಿದ್ದರು. ಫೋನ್ ಮಾಡಿದರೆ "ಓ ಕಮಾಂಡ್ ಮಾರ್ ದೇ" ಅಂದರು. ಯಾವ ಕಮಾಂಡ್? ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ಗೆಳೆಯರೇ, ನಾನು ಹೇಳಬೇಕೆಂದಿರುವುದು ಇಷ್ಟೇ. ಯಾರೋ ಒಬ್ಬರು ನೆನಪಿಟ್ಟು ದಿನವೂ ಮಾಡಬೇಕಾದ ಕೆಲಸವನ್ನು 'ಸರಿ ಮಾಡಿದ್ದೇವೆ' ಎಂದು ಕರೆಯಬಾರದು. ಕರೆಂಟ್ ಹೋಗಿ ಬಂದ ಮೇಲೂ ತಾನಾಗಿ ಉಳಿದರೆ ಮಾತ್ರ ಅದು ಸರಿ ಆದಂತೆ.

ಮೊದಲು ಆ ಸದ್ದು ಏನೆಂದು ಹೇಳುತ್ತೇನೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತವೆ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ತಲೆ ತೇಲುತ್ತದೆ. ವಿದ್ಯುತ್ ಉಳಿಸಲು ಡಿಸ್ಕ್ ಆ ತಲೆಯನ್ನು ಪಕ್ಕಕ್ಕೆ ಎತ್ತಿಡುತ್ತದೆ, ಕೆಲಸ ಬಂದಾಗ ಮತ್ತೆ ತರುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪಿಗೆ ಇದು ಒಳ್ಳೆಯದೇ. ಆದರೆ ಎತ್ತಿಡುವುದಕ್ಕೂ ಮಿತಿ ಇದೆ. ಲ್ಯಾಪ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಸಾಮಾನ್ಯವಾಗಿ 3 ಲಕ್ಷ ಅಥವಾ 6 ಲಕ್ಷ ಸಲ ಎಂದು ಹೇಳಿರುತ್ತಾರೆ. ನಾವು ವಾಣಿಜ್ಯ ವಿಭಾಗದವರು, ಲೆಕ್ಕ ಹಾಕೋಣ. ಅರ್ಧ ನಿಮಿಷಕ್ಕೊಮ್ಮೆ ಎಂದರೆ ಗಂಟೆಗೆ 120, ಹತ್ತು ಗಂಟೆ ತೆರೆದಿರುವ ಅಂಗಡಿಯಲ್ಲಿ ದಿನಕ್ಕೆ 1,200. 3 ಲಕ್ಷ ಮುಗಿಯಲು 250 ದಿನ ಸಾಕು. ಅಂದೇ ಡಿಸ್ಕ್ ಸಾಯುತ್ತದೆ ಎಂದಲ್ಲ. ಆದರೆ ನಾವು ತರಗತಿಯಲ್ಲಿ ಓದುವ 'ಸವಕಳಿ' ಇಲ್ಲಿ ಕಿವಿಗೇ ಕೇಳಿಸುತ್ತದೆ. ಇದು ನಮ್ಮ ಅಂಗಡಿಯ ಸಮಸ್ಯೆ ಮಾತ್ರವಲ್ಲ. ಉಬುಂಟು ಬಳಸುವವರಲ್ಲಿ 2007ರ ಸುಮಾರಿಗೆ ಇದೇ ವಿಷಯ ದೊಡ್ಡ ಚರ್ಚೆಯಾಗಿತ್ತು.

ಇದನ್ನು ತಡೆಯುವ ಸಾಧನದ ಹೆಸರು ಎಚ್‌ಡಿಪಾರ್ಮ್. ಕೆನಡಾದ ಮಾರ್ಕ್ ಲಾರ್ಡ್ ಬರೆದದ್ದು. ಇದರಲ್ಲಿ ವಿದ್ಯುತ್ ಉಳಿತಾಯಕ್ಕೆ 1ರಿಂದ 254ರವರೆಗೆ ಅಂಕಿ ಕೊಡಬಹುದು. 127ರವರೆಗೆ ಕೊಟ್ಟರೆ ಡಿಸ್ಕ್ ತಿರುಗುವುದನ್ನೇ ನಿಲ್ಲಿಸಲು ಅವಕಾಶ ಉಂಟು, 128ರಿಂದ ಮೇಲೆ ಇಲ್ಲ. 254 ಎಂದರೆ ಉಳಿತಾಯಕ್ಕಿಂತ ಕೆಲಸ ಮುಖ್ಯ ಎಂದರ್ಥ. ಭಾಯಿ ಕೊಟ್ಟದ್ದು ಇದನ್ನೇ.

ತೊಂದರೆ ಏನೆಂದರೆ, ಡಿಸ್ಕಿಗೆ ಕೊಡುವ ಕರೆಂಟ್ ನಿಂತೊಡನೆ ಈ ಅಂಕಿ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಬನಹಟ್ಟಿಯಲ್ಲಿ ನಮ್ಮ ಮಾಮೂ ನಡೆಸುವ ಪವರ್‌ಲೂಮಿನಲ್ಲಿ ಹೀಗಾಗುವುದಿಲ್ಲ. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ, ಬಂದಾಗ ಅದೇ ಹಲ್ಲುಗಾಲಿ, ಅದೇ ನೂಲು. ಡಿಸ್ಕ್ ಹಾಗಲ್ಲ. ನಿನ್ನೆಯ ಆಖೈರು ಶಿಲ್ಕನ್ನು ಇಂದಿನ ಆರಂಭಿಕ ಶಿಲ್ಕಾಗಿ ಬರೆದುಕೊಳ್ಳದ ಗುಮಾಸ್ತನಂತೆ ಅದು. 'ಆಖೈರು' ಎಂದರೆ ನಮ್ಮ ಮನೆಯಲ್ಲಿ ಆಡುವ 'ಆಖಿರ್'. ಆದರೆ ಲೆಕ್ಕದಲ್ಲಿ ಕೊನೆ ಎಂಬುದು ಮರುದಿನದ ಮೊದಲೇ ಅಲ್ಲವೇ?

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕಂಪ್ಯೂಟರ್ ಶುರುವಾಗುವಾಗ ಒಮ್ಮೆ ಓಡುವ ಫೈಲಿನಲ್ಲಿ ಆ ಆಜ್ಞೆ ಬರೆದೆ. ಎರಡು ದಿನ ಸದ್ದಿಲ್ಲ, ಮೂರನೆಯ ದಿನ ಮತ್ತೆ ಟಿಕ್. ಕಾರಣ ತಿಳಿಯಲು ವಾರ ಹಿಡಿಯಿತು. ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂದು ಹೆಸರಿಡುವುದು ಅವು ಕಂಡ ಸರದಿಯಲ್ಲಿ. ಆ ಸರದಿ ದಿನವೂ ಒಂದೇ ಇರಬೇಕೆಂದಿಲ್ಲ. ಅಂದು ನನ್ನ ಆಜ್ಞೆ ಬೇರೆ ಡಿಸ್ಕಿಗೆ ಹೋಗಿತ್ತು. ತರಗತಿಯಲ್ಲಿ ಮೊದಲ ಬೆಂಚಿನವನ ಅಂಕ ಎಂದು ಬರೆದಿಟ್ಟರೆ ಇದೇ ಗತಿ. ರಿಜಿಸ್ಟರ್ ನಂಬರ್ ಬರೆಯಬೇಕು.

ಡಿಸ್ಕಿಗೂ ಅಂಥ ನಂಬರ್ ಇದೆ, ಕಾರ್ಖಾನೆಯ ಸರಣಿ ಸಂಖ್ಯೆ. ಲಿನಕ್ಸಿನಲ್ಲಿ ಯುಡೆವ್ ಎಂಬ ವ್ಯವಸ್ಥೆ ಇದೆ, ಯಾವ ಸಾಧನ ಯಾವಾಗ ಕಾಣಿಸಿಕೊಂಡರೂ ಅದು ತನ್ನ ನಿಯಮಗಳ ಪಟ್ಟಿ ನೋಡುತ್ತದೆ. 'ಈ ಸರಣಿ ಸಂಖ್ಯೆಯ ಡಿಸ್ಕ್ ಕಂಡರೆ 254 ಕೊಡು' ಎಂದು ಒಂದು ಸಾಲು ಬರೆದೆ. ಇದರಲ್ಲೂ ಒಂದು ಸೂಕ್ಷ್ಮ ಇದೆ. ನಿಯಮದ ಫೈಲುಗಳು ಹೆಸರಿನ ಮುಂದಿನ ಅಂಕಿಯ ಕ್ರಮದಲ್ಲಿ ಓಡುತ್ತವೆ. ಸರಣಿ ಸಂಖ್ಯೆ ಓದುವ ಫೈಲ್ 60ರಲ್ಲಿದೆ, ನಮ್ಮದು ಅದರ ನಂತರ ಬರಬೇಕು. ಜರ್ನಲ್ ಬರೆಯದೆ ಲೆಡ್ಜರಿಗೆ ಪೋಸ್ಟ್ ಮಾಡಲಾಗದು, ಹಾಗೆಯೇ ಇದು. ಡೆಬಿಯನ್, ಉಬುಂಟು ಬಳಗದಲ್ಲಿ ಎಚ್‌ಡಿಪಾರ್ಮಿಗೆಂದೇ ಒಂದು ಫೈಲ್ ಇದೆ, ಅದನ್ನೂ ಯುಡೆವ್ ಮೂಲಕವೇ ಓದಲಾಗುತ್ತದೆ.

ಕೊನೆಯದು ಪರೀಕ್ಷೆ. ಬಹಳ ಜನ ರೀಸ್ಟಾರ್ಟ್ ಮಾಡಿ ನೋಡಿ ಸಮಾಧಾನ ಪಡುತ್ತಾರೆ. ಆದರೆ ರೀಸ್ಟಾರ್ಟ್ ಮಾಡಿದಾಗ ಡಿಸ್ಕಿನ ಕರೆಂಟ್ ಸಾಮಾನ್ಯವಾಗಿ ಹೋಗುವುದೇ ಇಲ್ಲ. ಹಳೆಯ ಅಂಕಿ ಹಾಗೇ ಉಳಿದು ನಮ್ಮನ್ನು ಮೋಸ ಮಾಡಬಹುದು. ಪೂರ್ತಿ ಷಟ್‌ಡೌನ್ ಮಾಡಿ, ಸ್ವಿಚ್ ತೆಗೆದು, ಮತ್ತೆ ಹಚ್ಚಿ, ಅಂಕಿ ಎಷ್ಟಿದೆ ಎಂದು ಎಚ್‌ಡಿಪಾರ್ಮನ್ನೇ ಕೇಳಬೇಕು. ಕಂಪ್ಯೂಟರನ್ನು ನಿದ್ರೆಗೆ ಕಳಿಸಿ ಎಬ್ಬಿಸಿದ ಮೇಲೂ ಒಮ್ಮೆ ಕೇಳಬೇಕು. ಒಂದು ಎಚ್ಚರಿಕೆ: ಎಚ್‌ಡಿಪಾರ್ಮಿನ ಕೆಲವು ಆಯ್ಕೆಗಳು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಬಲ್ಲವು. ಅರ್ಥವಾಗದ್ದನ್ನು ಟೈಪ್ ಮಾಡಬೇಡಿ, ಮೊದಲು ಲೆಕ್ಕದ ಪ್ರತಿ ತೆಗೆದಿಡಿ.

'ಈಗ ಎಲ್ಲಾ ಕಡೆ ಎಸ್‌ಎಸ್‌ಡಿ ಬಂದಿದೆ, ಇದೆಲ್ಲ ಯಾಕೆ?' ಎಂದು ಗೆಳೆಯನೊಬ್ಬ ಕೇಳಿದ. ಎಸ್‌ಎಸ್‌ಡಿಯಲ್ಲಿ ತಲೆಯೂ ಇಲ್ಲ, ಟಿಕ್ಕೂ ಇಲ್ಲ, ನಿಜ. ಆದರೆ ನಮ್ಮಂಥ ಮನೆ, ಅಂಗಡಿಗಳಲ್ಲಿ ಹಳೆಯ ಯಂತ್ರಗಳೇ ಇನ್ನೂ ದುಡಿಯುತ್ತಿವೆ. 'ಲಿನಕ್ಸ್ ನಮಗಲ್ಲ' ಎನ್ನುವವರಿಗೂ ಒಂದು ಮಾತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಶಾಲೆಗಳಲ್ಲಿ ಲಿನಕ್ಸ್ ಕಂಪ್ಯೂಟರ್ ಮೇಲೆಯೇ ಕಲಿಯುತ್ತಿದ್ದಾರೆ. ಅವರಿಗೆ ಬರುವುದು ನಮಗೇಕೆ ಬರಬಾರದು?

ನಮ್ಮ ಅಂಗಡಿಯಲ್ಲಿ ಈಗ ಕಂಪ್ಯೂಟರಿನ ಪಕ್ಕ 40 ಪುಟದ ನೋಟ್‌ಬುಕ್ ತೂಗಿದೆ. ಏನು ಬದಲಿಸಿದೆ, ಯಾವ ಫೈಲಿನಲ್ಲಿ, ಯಾವ ತಾರೀಖು, ಸ್ವಿಚ್ ತೆಗೆದು ನೋಡಿದೆನೋ ಇಲ್ಲವೋ, ಈ ನಾಲ್ಕು ಕಾಲಮ್. ಬರೆದದ್ದು ಕನ್ನಡದಲ್ಲಿ, ಅಬ್ಬಾ ಓದುವುದು ಕನ್ನಡವನ್ನೇ. ನಮ್ಮ ಕಾಲೇಜಿನ ಲ್ಯಾಬಿನಲ್ಲೂ ಪ್ರತಿ ಕಂಪ್ಯೂಟರಿಗೆ ಇಂಥದ್ದೊಂದು ನೋಟ್‌ಬುಕ್ ಇಡೋಣ ಎಂದು ಗುರುಗಳಲ್ಲಿ ನನ್ನ ವಿನಂತಿ. ಮೊದಲ ವರ್ಷದವರು ಗೆರೆ ಹಾಕಿ ಕೊಡಲಿ, ನಾವು ದ್ವಿತೀಯ ಪಿಯುಸಿಯವರು ತುಂಬೋಣ. ಮಾರ್ಚ್ ಮುಗಿದರೆ ನಾವೂ ಭಾಯಿಯ ಹಾಗೆ ಎಲ್ಲೆಲ್ಲೋ ಹೋಗುವವರೇ. ಕಂಪ್ಯೂಟರುಗಳು ಇಲ್ಲೇ ಇರುತ್ತವೆ.

ಕಳೆದ ವಾರ ಮತ್ತೆ ಕರೆಂಟ್ ಹೋಗಿ ಬಂತು. ಅಬ್ಬಾ ಕಿವಿಗೊಟ್ಟು ಕುಳಿತರು. ಐದು ನಿಮಿಷವಾದರೂ ಸದ್ದಿಲ್ಲ. "ಚಲೋ ಆತು" ಅಂದು ಉದ್ರಿ ಪುಟ ತೆರೆದರು.