ಉಪ್ಪುನೀರನ್ನು ಒಳಗೆ ಬಿಟ್ಟವರು

ಕಾರವಾರದಿಂದ ಕಾಳೀ ನದಿಯ ದಂಡೆಯನ್ನು ಹಿಡಿದು ಮೂಡಲಿಗೆ ಸಾಗಿದರೆ ಸಿಗುವ ಕದ್ವಾಡವು, ಇಂದಿನ ಕಾರವಾರ ಪಟ್ಟಣವು ತಲೆಯೆತ್ತುವುದಕ್ಕೆ ಬಹುಕಾಲ ಮೊದಲೇ, ಘಟ್ಟದ ಮೇಲಿನ ಮೆಣಸೂ ಬಟ್ಟೆಯೂ ಹಡಗನ್ನೇರುತ್ತಿದ್ದ ವ್ಯಾಪಾರಸ್ಥಳವಾಗಿದ್ದಿತು. ಅಲ್ಲಿಯ ನೀರನ್ನು ನದಿಯದೆಂದು ಹೇಳಬಹುದು, ಸಮುದ್ರದ್ದೆಂದೂ ಹೇಳಬಹುದು. ದಿನಕ್ಕೆ ಎರಡು ಸಲ ಉಬ್ಬರವೇರಿ ಉಪ್ಪುನೀರು ಒಳನಾಡಿನ ಕಡೆಗೆ ಬರುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಘಟ್ಟದಿಂದಿಳಿದ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕು ನದಿಗಳ ಅಳಿವೆಗಳಲ್ಲಿಯೂ ಇದೇ ಕ್ರಮ. ಹೀಗೆ ಎರಡು ನೀರುಗಳ ನಡುವೆ ಸಿಕ್ಕಿಕೊಂಡ ತಗ್ಗುನೆಲವನ್ನು ನಮ್ಮ ಜಿಲ್ಲೆಯವರು ಗಜನಿ ಎನ್ನುತ್ತಾರೆ.

ಉಪ್ಪು ಬೆಳೆಯ ಶತ್ರುವೆಂಬುದು ಬೇಸಾಯವನ್ನು ಬಲ್ಲವರೆಲ್ಲರೂ ಒಪ್ಪುವ ಮಾತು. ಎಲ್ಲರೂ ಒಪ್ಪಿರುವುದರಿಂದಲೇ ಅದನ್ನು ಪರೀಕ್ಷೆಗೆ ಒಡ್ಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಈ ಕರಾವಳಿಯ ಯಾವನೋ ಅಜ್ಞಾತನಾಮಧೇಯನಾದ ಒಕ್ಕಲಿಗನು, ಯಾವ ಶತಮಾನದಲ್ಲಿಯೋ, ಆ ಮಾತನ್ನು ಬದಿಗಿರಿಸಿ, ಉಪ್ಪು ವರ್ಷವಿಡೀ ಒಂದೇ ಪ್ರಮಾಣದಲ್ಲಿರುತ್ತದೆಯೇ ಎಂಬ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಂಡಿರಬೇಕು. ಮುಂಗಾರು ನೆಲದ ಉಪ್ಪನ್ನು ತೊಳೆಯುವ ಹೊತ್ತಿಗೆ ಮೊಳಕೆ ಬರಿಸಿದ ಬೀಜವನ್ನು ಚೆಲ್ಲಿ, ಮಳೆಗಾಲ ಕಳೆದು ಉಪ್ಪುನೀರು ಮರಳಿ ಬಲಗೊಳ್ಳುವುದರೊಳಗೆ ಪೈರನ್ನು ಕೊಯ್ದುಕೊಂಡರೆ, ಶತ್ರುವಿನ ವೇಳಾಪಟ್ಟಿಯೇ ಬೇಸಾಯದ ಪಂಚಾಂಗವಾಗುತ್ತದೆ. ಆ ಪ್ರಶ್ನೆಯ ಫಲವಾಗಿ ಉಳಿದು ಬಂದ ಭತ್ತದ ತಳಿಯೇ ಕಗ್ಗ. ಎತ್ತರವಾಗಿ ಬೆಳೆಯುವ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಕೊಳೆಯದ, ಉಪ್ಪಿನ ಅಂಶವನ್ನು ಸಹಿಸುವ ಈ ಭತ್ತಕ್ಕೆ ಗೊಬ್ಬರದ ಹಂಗಿಲ್ಲ. ನೆರೆ ಹೊತ್ತು ತಂದ ಮೆಕ್ಕಲುಮಣ್ಣೇ ಅದಕ್ಕೆ ಸಾಕು. ಇನ್ನೂ ಹೆಚ್ಚಿನ ಜಾಣ್ಮೆಯು ಕಂಡುಬರುವುದು ಕೊಯಿಲಿನ ಅನಂತರ. ತೆನೆಯನ್ನು ಕೊಯ್ದು ದಂಟನ್ನು ಗದ್ದೆಯಲ್ಲಿಯೇ ಬಿಟ್ಟು, ಒಡ್ಡಿನ ಹಲಗೆ ಬಾಗಿಲನ್ನು ತೆರೆದು ಉಬ್ಬರದ ನೀರನ್ನು ಒಳಗೆ ಬರಗೊಟ್ಟರೆ, ಅದರೊಡನೆ ಮೀನಿನ ಮರಿಯೂ ಏಡಿಯೂ ಸಿಗಡಿಯೂ ಬಂದು, ಕೊಳೆಯುವ ದಂಟಿನ ಆಶ್ರಯದಲ್ಲಿ ಬೆಳೆದು, ಅದೇ ನೆಲದ ಎರಡನೆಯ ಬೆಳೆಯಾಗುತ್ತವೆ. ಮಳೆಗಾಲದ ಗದ್ದೆಯೇ ಬೇಸಗೆಯ ಮೀನುಕೆರೆ. ಗೋವೆಯ ಖಾಜಾನ್ ಭೂಮಿಯಲ್ಲಿಯೂ ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿಯೂ ಇದೇ ಬಗೆಯ ಚಿಂತನೆ ಬೇರೆ ಬೇರೆಯಾಗಿ ಫಲಿಸಿದೆ.

ಇಂದು ನವಾನ್ವೇಷಣೆಯೆಂಬ ಮಾತು ವಿದ್ಯಾಲಯಗಳಲ್ಲಿಯೂ ಸರಕಾರದ ಯೋಜನೆಗಳಲ್ಲಿಯೂ ಎಲ್ಲರ ನಾಲಗೆಯ ಮೇಲಿದೆ. ಹೊಸದನ್ನು ಯೋಚಿಸಿರೆಂದು ತರುಣರಿಗೆ ಉಪದೇಶಿಸುತ್ತೇವೆ, ಸ್ಪರ್ಧೆಗಳನ್ನೇರ್ಪಡಿಸುತ್ತೇವೆ, ಬಹುಮಾನಗಳನ್ನು ಕೊಡುತ್ತೇವೆ. ಆದರೆ ಹೊಸ ಯೋಚನೆಯು ಹಳೆಯ ಗೃಹೀತಗಳ ಮೇಲೆ ಇನ್ನೊಂದು ಅಂತಸ್ತನ್ನು ಕಟ್ಟುವುದರಿಂದ ಹುಟ್ಟುವುದಲ್ಲವೆಂದೂ, ಅಡಿಪಾಯದ ಕಲ್ಲುಗಳಲ್ಲಿ ಒಂದನ್ನು ಕಿತ್ತು ಅದು ನಿಜವಾಗಿ ಭಾರವನ್ನು ಹೊರುತ್ತಿದೆಯೇ ಎಂದು ನೋಡುವ ಧೈರ್ಯದಿಂದ ಹುಟ್ಟುವುದೆಂದೂ ನಾವು ಅವರಿಗೆ ಹೇಳಿಕೊಡುವುದಿಲ್ಲ. ಕೃಷಿಯಂಥ ಕ್ಷೇತ್ರದಲ್ಲಿಯಂತೂ ಗೃಹೀತಗಳು ಅಂಕಿಗಳ ವೇಷದಲ್ಲಿ ಬರುವುದರಿಂದ ಅವುಗಳನ್ನು ಗುರುತಿಸುವುದೇ ಕಷ್ಟ.

ಗಜನಿಯ ಮುಂದಿನ ಕಥೆಯೇ ಇದಕ್ಕೆ ಪ್ರಮಾಣ. ಮಣ್ಣಿನ ಒಡ್ಡುಗಳನ್ನು ಊರವರೆಲ್ಲರೂ ಕೂಡಿ ವರ್ಷವರ್ಷವೂ ಸರಿಪಡಿಸುವುದು ಹಿಂದುಳಿದ ಪದ್ಧತಿಯೆಂದು ಭಾವಿಸಿ, 1970ರ ದಶಕದಲ್ಲಿ ಸರಕಾರವು ಅಳಿವೆಗಳಲ್ಲಿ ಶಾಶ್ವತವಾದ ಒಡ್ಡುಗಳನ್ನು ಕಟ್ಟಿಸಿತು. ಉದ್ದೇಶವು ಒಳ್ಳೆಯದೇ ಆಗಿದ್ದಿತು. ಆದರೆ ಅದರ ಹಿಂದಿದ್ದ ನಂಬಿಕೆ, ಸಮುದ್ರವನ್ನು ಹೊರಗೆ ನಿಲ್ಲಿಸುವುದೇ ಬೇಸಾಯಕ್ಕೆ ಮಾಡುವ ಉಪಕಾರವೆಂಬ ಆ ಪುರಾತನವಾದ ನಂಬಿಕೆ, ಯಾರ ವಿಚಾರಣೆಗೂ ಒಳಗಾಗಲಿಲ್ಲ. ಬಳಿಕ ಸಿಗಡಿಯ ಬೆಲೆ ಏರಿತು. ಭತ್ತವನ್ನು ಬಿಟ್ಟು ವರ್ಷವಿಡೀ ಸಿಗಡಿಯನ್ನೇ ಸಾಕಿದರೆ ಸಿರಿ ಬರುವುದೆಂಬ ಎರಡನೆಯ ನಂಬಿಕೆ ಬಂದಿತು. 1990ರ ದಶಕದ ನಡುಭಾಗದಲ್ಲಿ ಭಾರತದ ಕರಾವಳಿಯ ಸಿಗಡಿ ಹೊಂಡಗಳನ್ನು ಬಿಳಿಚುಕ್ಕೆ ರೋಗವು ಬರಿದು ಮಾಡಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ನಿಯಂತ್ರಣ ವಲಯದಲ್ಲಿ ಇಂಥ ಕೃಷಿಗೆ ಕಟ್ಟುನಿಟ್ಟಾದ ಮಿತಿಗಳನ್ನು ವಿಧಿಸಿತು. ಈ ನಡುವೆ ಕಗ್ಗದ ಬೇಸಾಯವು ಕುಗ್ಗುತ್ತ ಬಂದು, ಈಗ ಮುಖ್ಯವಾಗಿ ಅಘನಾಶಿನಿಯ ಅಳಿವೆಯಲ್ಲಿ, ಮಾಣಿಕಟ್ಟಾದಂಥ ಕೆಲವು ಗ್ರಾಮಗಳಲ್ಲಿ ಉಳಿದುಕೊಂಡಿದೆ.

ಕಗ್ಗವು ಸೋತದ್ದು ಯಾವ ತಕ್ಕಡಿಯಲ್ಲಿ? ಎಕರೆಗೆ ಇಷ್ಟು ಕ್ವಿಂಟಲ್ ಭತ್ತವೆಂಬ ತಕ್ಕಡಿಯಲ್ಲಿ. ಗೊಬ್ಬರ ಹಾಕಿ ಬೆಳೆಯುವ ಸುಧಾರಿತ ತಳಿಗಳ ಮುಂದೆ ಅದರ ಇಳುವರಿ ಕಡಿಮೆಯೆಂಬುದು ಸತ್ಯ. ಆದರೆ ಬೇಸಗೆಯ ಮೀನು, ಏಡಿ, ಸಿಗಡಿ, ಹೆಂಗಸರು ಬುಟ್ಟಿ ಹಿಡಿದು ಆಯ್ದು ತರುವ ಬಳಚೆಂಬ ಚಿಪ್ಪುಮೀನು, ಖರ್ಚಾಗದೆ ಉಳಿದ ಗೊಬ್ಬರದ ಹಣ ಇವುಗಳಿಗೆ ಆ ಲೆಕ್ಕದಲ್ಲಿ ಅಂಕಣವೇ ಇಲ್ಲ. ಗದ್ದೆಯೆಂದರೆ ಭತ್ತ, ಬೇರೇನೂ ಅಲ್ಲ ಎಂಬ ಗೃಹೀತವು ಲೆಕ್ಕದ ಪುಸ್ತಕದ ಗೆರೆಗಳಲ್ಲಿಯೇ ಅಡಗಿ ಕುಳಿತಿದೆ. ಹೊಸ ತಳಿಯನ್ನು ಕಂಡುಹಿಡಿಯುವುದಕ್ಕಿಂತ ಮೊದಲು ಈ ಗೆರೆಗಳನ್ನು ತಿದ್ದುವುದೇ ದೊಡ್ಡ ಆವಿಷ್ಕಾರವಾದೀತೆಂದು ನನ್ನ ದೃಢವಾದ ಅಭಿಪ್ರಾಯ. ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ವಿಷಯದಲ್ಲಿಯೂ ನಾವು ಹೀಗೆಯೇ ನಡೆದುಕೊಂಡೆವು. ಕೆಸರಿನ ಪಾಳುಗಿಡವೆಂದು ಕಡಿಯುತ್ತಿದ್ದುದನ್ನೇ ಈಗ ಕಾಳಿಯ ಅಳಿವೆಯಲ್ಲಿ ಅರಣ್ಯ ಇಲಾಖೆಯವರು ನೆಟ್ಟು ಬೆಳೆಸುತ್ತಿದ್ದಾರೆ.

ಸಮುದ್ರವನ್ನು ಹೊರಗಿಡುವ ವಿದ್ಯೆಯಲ್ಲಿ ಜಗತ್ತಿಗೇ ಗುರುಗಳೆನಿಸಿದವರು ಡಚ್ಚರು. 1993ರಲ್ಲಿಯೂ 1995ರಲ್ಲಿಯೂ ಅವರ ನದಿಗಳು ಉಕ್ಕಿ, ಎರಡನೆಯ ಸಲ ಎರಡೂವರೆ ಲಕ್ಷದಷ್ಟು ಜನರನ್ನು ಮನೆ ಬಿಡಿಸಬೇಕಾಗಿ ಬಂದಾಗ, ಒಡ್ಡನ್ನು ಇನ್ನೂ ಎತ್ತರಿಸೋಣವೆಂಬುದೇ ಸಹಜವಾದ ಉತ್ತರವಾಗಿದ್ದಿತು. ಆದರೆ ಅವರು ನದಿಗೇ ಹೆಚ್ಚು ಜಾಗವನ್ನು ಕೊಡುವ ಯೋಜನೆಯನ್ನು ಕೈಗೊಂಡರು; ನೈಮೇಗನ್ ನಗರದ ಎದುರು ದಂಡೆಯಲ್ಲಿ ಒಡ್ಡನ್ನೇ 350 ಮೀಟರ್ ಹಿಂದಕ್ಕೆ ಸರಿಸಿದರು. ಶತಮಾನಗಳ ಕೀರ್ತಿಯನ್ನು ತಂದುಕೊಟ್ಟ ವಿದ್ಯೆಯ ಮೂಲಸೂತ್ರವನ್ನೇ ಪ್ರಶ್ನಿಸುವುದು ಎಷ್ಟು ಕಠಿಣವೆಂಬುದನ್ನು ಬಲ್ಲವರು ಈ ಕೆಲಸವನ್ನು ಸಣ್ಣದೆಂದು ಎಣಿಸಲಾರರು.

ನಮ್ಮ ನೆಲಕ್ಕೂ ಇಂಥ ಧೈರ್ಯದ ಪರಂಪರೆಯಿದೆ. ಉಪ್ಪಿನಂಥ ಕ್ಷುದ್ರವಸ್ತುವಿನಿಂದ ಸಾಮ್ರಾಜ್ಯವು ಅಲುಗುವುದುಂಟೇ ಎಂದು ಕಾಂಗ್ರೆಸ್ಸಿನ ಹಿರಿಯರಲ್ಲಿಯೇ ಹಲವರು ಸಂಶಯಪಟ್ಟಿದ್ದರು. 1930ರ ಏಪ್ರಿಲ್ 6ರಂದು ದಾಂಡಿಯಲ್ಲಿ ಗಾಂಧೀಜಿಯವರು ಉಪ್ಪನ್ನು ಎತ್ತಿದ ಒಂದು ವಾರದೊಳಗೆ, 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನನ್ನು ಮುರಿದರು. ಸಮುದ್ರದ ಉಪ್ಪು ಸರಕಾರದ ಸ್ವತ್ತೆಂಬ ಭಾವನೆ ಆವರೆಗೆ ಎಷ್ಟು ಗಟ್ಟಿಯಾಗಿದ್ದಿತೆಂದರೆ, ಅದು ಭಾವನೆಯೆಂಬುದೇ ಜನರಿಗೆ ಮರೆತುಹೋಗಿದ್ದಿತು.

ಹಾಗೆಂದು ಹಿರಿಯರು ಮಾಡಿದ್ದೆಲ್ಲವೂ ಸರಿಯೆಂದು ಹೇಳಹೊರಟಿಲ್ಲ. ಅದೂ ಒಂದು ಗೃಹೀತವೇ, ಮತ್ತು ಅಪಾಯಕರವಾದ ಗೃಹೀತ. ಸಿಗಡಿಯಿಂದ ಬಂದ ಹಣವು ಎಷ್ಟೋ ಬಡ ಸಂಸಾರಗಳಿಗೆ ಆಧಾರವಾದದ್ದನ್ನು ಅಲ್ಲಗಳೆಯುವುದು ಅನ್ಯಾಯ. ಅನುಭವವನ್ನು ಪರೀಕ್ಷಿಸಿಯೇ ಸ್ವೀಕರಿಸಬೇಕು. ಆದರೆ ಯಾರ ಅನುಭವವು ಪರೀಕ್ಷೆಗೆ ಅರ್ಹವೆಂಬುದನ್ನು ನಿರ್ಣಯಿಸುವಾಗಲೇ ನಾವು ಎಡವುತ್ತೇವೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ; ಅರಣ್ಯ ಇಲಾಖೆಯ ಸಸ್ಯಪಾಲನಾಕ್ಷೇತ್ರದಲ್ಲಿ ದಿನಗೂಲಿಗೆ ದುಡಿಯುತ್ತಿದ್ದರು; ಯಾವ ಜಾತಿಯ ತಾಯಿಮರ ಕಾಡಿನಲ್ಲಿ ಎಲ್ಲಿದೆ, ಅದರ ಬೀಜವನ್ನು ಯಾವಾಗ ಎತ್ತಬೇಕು ಎಂಬುದನ್ನು ಪದವೀಧರರಾದ ಅಧಿಕಾರಿಗಳೂ ಅವರಿಂದಲೇ ಕೇಳಿ ತಿಳಿಯುವಂತಾಯಿತು. 2021ರಲ್ಲಿ ಅವರು ಬರಿಗಾಲಿನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಸ್ವೀಕರಿಸಿದಾಗ ದೇಶವೆಲ್ಲ ಬೆರಗಾಯಿತು. ಆ ಬೆರಗಿನ ಮೂಲದಲ್ಲಿ, ಜ್ಞಾನಕ್ಕೆ ಅಕ್ಷರವೊಂದೇ ದ್ವಾರವೆಂಬ ನಮ್ಮ ನಂಬಿಕೆಯಿದ್ದಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರು ಬಲ್ಲುದರಲ್ಲಿ ಎಷ್ಟನ್ನು ನಾವು ಬರೆದಿಟ್ಟುಕೊಂಡಿದ್ದೇವೆಂದು ಕೇಳಿಕೊಳ್ಳಬೇಕು.

ಆದುದರಿಂದ ನನ್ನ ಸೂಚನೆ ಇಷ್ಟೇ. ಕದ್ವಾಡದಿಂದ ಮಾಣಿಕಟ್ಟಾದವರೆಗಿನ ಗಜನಿಗಳಲ್ಲಿ ಮುಂದಿನ ಒಡ್ಡಿಗೆ ಹಣವನ್ನು ಮಂಜೂರು ಮಾಡುವುದಕ್ಕೆ ಮೊದಲು, ಆ ಯೋಜನೆಯು ಯಾವ ಯಾವ ಸಂಗತಿಗಳನ್ನು ವಿಚಾರಿಸದೆಯೇ ನಿಜವೆಂದು ಹಿಡಿದಿದೆಯೆಂಬುದನ್ನು ಇಂಜಿನಿಯರರು ಬರಹದಲ್ಲಿ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಕೃಷಿ ಸಂಶೋಧಕರು ಗಜನಿಯ ಇಳುವರಿಯನ್ನು ಭತ್ತ, ಮೀನು, ಬಳಚು ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಲಿ. ಕಗ್ಗದ ಬೀಜವನ್ನು ಇದುವರೆಗೆ ಕಾಪಾಡಿಕೊಂಡು ಬಂದ ರೈತರನ್ನೂ ಬಳಚು ಆಯುವ ಹೆಂಗಸರನ್ನೂ ಆ ಸಭೆಗೆ ಕರೆದು, ತಜ್ಞರ ಭಾಷಣಕ್ಕಿಂತ ಮೊದಲು ಅವರಿಗೆ ಮಾತನಾಡುವ ಅವಕಾಶವನ್ನು ಕೊಡಲಿ.